ಅವ್ವನ ಬಾಯಿ ಸಿಂಕ್ ಆಗ್ಲಿಲ್ಲ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಂದ ಭಾನುವಾರ ಮದ್ದೂರು ಹತ್ರದ ನಮ್ಮೂರಲ್ಲಿ ಒಂದು ಆಲ್ಬಂ ಸಾಂಗ್ ಶೂಟಿಂಗ್ ಆಯ್ತು. ಹಾಡಿದ್ದು ನಮ್ಮವ್ವ, ಮಾಡಿದ್ದು ನಮ್ಮಣ್ಣನ ಮಗ. ಅವ್ವಂಗೆ ಎಪ್ಪತ್ತಾರು ವರ್ಷ. ಹುಡುಗ ಬೆಂಗಳೂರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡ್ಕೊಂಡಿದಾನೆ, ಬಿಡುವಾದಾಗ ಬೀಟ್ ಮಾಡ್ತಾನೆ, ದೀಪಾವಳಿಗೆ ಬಂದಿದ್ದಾಗ ಅವ್ವನ ಕೈಲಿ ರಾಗಿ ಬೀಸೋ ಪದ ಹಾಡಿಸಿ ರೆಕಾರ್ಡ್ ಮಾಡ್ಕೊಂಡು ಹೋಗಿ ಅದಕ್ಕೆ ಡ್ರಮ್ಸು ಬೇಸು ಎಲ್ಲ ಕೂರಿಸಿ ಟ್ರ್ಯಾಕ್ ರೆಡಿ ಮಾಡಿದ್ದ. "ಇನ್ನು ವಿಡಿಯೋ ಒಂದಾದ್ರೆ ಸಾಕು ಚಿಕ್ಕಪ್ಪ, ಶನಿವಾರನೇ ಬಂದ್ಬಿಡಿ" ಅಂತ ಫೋನ್ ಮಾಡಿದ.

ನನ್ನನ್ನ ಕರೆದಿದ್ದು ಯಾಕಂದ್ರೆ ಈ ಮ್ಯೂಸಿಕ್ ವಿಡಿಯೋ ಅನ್ನೋದು ನಂಗೆ ಪಿಯುಸಿಯಿಂದ ಹಿಡಿದಿರೋ ಹುಚ್ಚು. 1996ರಲ್ಲಿ ಮಂಡ್ಯದಲ್ಲಿ ರೂಮ್ ಮಾಡ್ಕೊಂಡಿದ್ದೆ, ಕೆಳಗೆ ಓನರ್ ಮನೇಲಿ ಕೇಬಲ್ ಇತ್ತು. ಅಲ್ಲಿವರೆಗೂ ಟಿವೀಲಿ ಹಾಡು ಅಂದ್ರೆ ದೂರದರ್ಶನದ ಚಿತ್ರಮಂಜರಿ, ಅಂದ್ರೆ ಸಿನಿಮಾ ಹಾಡು. ಬೇರೆ ಥರದ್ದು ಅಂತ ನೋಡಿದ್ದು ಒಂದೇ, 1988ರ ಸ್ವಾತಂತ್ರ್ಯ ದಿನಾಚರಣೆಗೆ ಬಂತಲ್ಲ, ಹಲವು ಭಾಷೆ ಸೇರಿಸಿದ ಹಾಡು ಮಿಲೇ ಸುರ್, ಗದಗಿನ ಭೀಮಸೇನ ಜೋಶಿಯವರ ದನಿಯಿಂದ ಶುರುವಾಗೋದು. ಅದರಲ್ಲಿ ಕನ್ನಡದ ಸಾಲು ಬರೋವರೆಗೂ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತಿದ್ದೆ, ಎಂಟು ವರ್ಷದವನು. ಓನರ್ ಮನೇಲಿ ಅಲೀಶಾ ಚಿನಾಯ್ ಅವರ ಮೇಡ್ ಇನ್ ಇಂಡಿಯಾ, ಈಜಿಪ್ಟಲ್ಲಿ ಶೂಟ್ ಮಾಡಿದ ಲಕ್ಕಿ ಅಲಿ ಅವರ ಓ ಸನಮ್, ಇವೆಲ್ಲ ನೋಡಿದ ಮೇಲೆ ಗೊತ್ತಾಯ್ತು, ಸಿನಿಮಾನೇ ಇಲ್ಲದೆ ಬರೀ ಒಂದು ಹಾಡು ಸ್ವಂತ ಕಾಲ್ ಮೇಲೆ ನಿಲ್ಲುತ್ತೆ, ಅದಕ್ಕೂ ಒಂದು ಕಥೆ, ಒಂದು ಊರು, ಒಂದು ಬಣ್ಣ ಇರುತ್ತೆ ಅಂತ. ನಂಗದು ಬಹಳ ದೊಡ್ಡ ವಿಷಯ ಆಗಿತ್ತು.

ಶನಿವಾರ ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಹುಡುಗಂಗೂ ಅವನ ಜೊತೆ ಬಂದಿದ್ದ ಮೂರು ಜನ ಗೆಳೆಯರಿಗೂ ಒಂದೊಂದಾಗಿ ತೋರಿಸ್ದೆ. ಹಾಡಿನ ವಿಡಿಯೋ ತೋರಿಸೋಕೇ ಅಂತ ಎಂಟಿವಿ ಚಾನೆಲ್ ಶುರುವಾಗಿದ್ದು 1981ರ ಆಗಸ್ಟ್ 1ಕ್ಕೆ, ಎಲ್ಲರೂ ಅಲ್ಲಿಂದಲೇ ಲೆಕ್ಕ ಹಾಕ್ತಾರೆ, ಆದ್ರೆ ಅದಕ್ಕೂ ನಲವತ್ತು ವರ್ಷ ಮುಂಚೆ ಅಮೆರಿಕದಲ್ಲಿ ಪ್ಯಾನೊರಾಮ್ ಅಂತ ಒಂದು ಮಷಿನ್ ಇತ್ತು, ಬಾರ್‌ನಲ್ಲಿ ಹೋಟೆಲ್‌ನಲ್ಲಿ ಇಡ್ತಿದ್ರು, ಹತ್ತು ಸೆಂಟ್ ಕಾಸು ಹಾಕಿದ್ರೆ ಮೂರು ನಿಮಿಷದ ಒಂದು ಹಾಡಿನ ಫಿಲ್ಮ್ ಓಡೋದು. ಸೌಂಡೀಸ್ ಅಂತ ಅವಕ್ಕೆ ಹೆಸರು. ನಮಗೆ ಬೇಕಾದ್ದನ್ನ ಆರಿಸೋ ಹಾಗಿಲ್ಲ, ರೀಲಲ್ಲಿ ಮುಂದೆ ಯಾವುದಿದೆಯೋ ಅದೇ ಬರೋದು. ಅದರಲ್ಲೂ ಹಾಡನ್ನ ಮೊದಲೇ ರೆಕಾರ್ಡ್ ಮಾಡಿ, ಆಮೇಲೆ ಕ್ಯಾಮೆರಾ ಮುಂದೆ ಬಾಯಿ ಆಡಿಸೋದೇ. ನಮ್ಮಲ್ಲೂ 1935ರಿಂದಲೇ ಸಿನಿಮಾಗೆ ಪ್ಲೇಬ್ಯಾಕ್ ಬಂತು. ಅಂದ್ರೆ ಈ ಕಲೆ ಹುಟ್ಟಿದಾಗಿಂದಲೂ ಮೊದಲು ದನಿ, ಆಮೇಲೆ ಬಾಯಿ.

ಬೀಟಲ್ಸ್‌ನವರು 1966ರಲ್ಲಿ ಹಾಡಿಗೆ ಫಿಲ್ಮ್ ಮಾಡಿ ಟಿವಿಗಳಿಗೆ ಕಳಿಸಿದ್ದು ಎಲ್ಲಾ ಕಡೆಗೂ ಖುದ್ದಾಗಿ ಹೋಗೋಕಾಗಲ್ಲ ಅಂತ. 1975ರಲ್ಲಿ ಕ್ವೀನ್ ಬ್ಯಾಂಡ್‌ನವರೂ ಟೂರಲ್ಲಿರ್ತೀವಿ ಅಂತ ಬೊಹೀಮಿಯನ್ ರಾಪ್ಸೊಡಿನ ಕೆಲವೇ ಗಂಟೇಲಿ ಶೂಟ್ ಮಾಡಿ ಮುಗಿಸಿದ್ರು. ಆಹಾ ಅನ್ನೋ ನಾರ್ವೆಯ ಹುಡುಗರ ಟೇಕ್ ಆನ್ ಮಿ ಹಾಕ್ದಾಗ ಮಾತ್ರ ಹುಡುಗರು ಫೋನ್ ಕೆಳಗಿಟ್ರು. ಆ ಹಾಡು 1984ರಲ್ಲಿ ಒಂದು ಸಾದಾ ವಿಡಿಯೋ ಜೊತೆ ಬಂದು ಮಲಗಿತ್ತು, 1985ರಲ್ಲಿ ಹಾಡನ್ನೂ ಹೊಸದಾಗಿ ರೆಕಾರ್ಡ್ ಮಾಡಿ, ಸುಮಾರು ಮೂರು ಸಾವಿರ ಫ್ರೇಮ್‌ನ ಒಂದೊಂದಾಗಿ ಪೆನ್ಸಿಲಲ್ಲಿ ಬಿಡಿಸಿ ವಿಡಿಯೋ ಮಾಡಿದ್ರು, ಹದಿನಾರು ವಾರದ ಕೆಲಸ. ಅಮೆರಿಕದಲ್ಲಿ ನಂಬರ್ ಒನ್ ಆಯ್ತು. ಹುಡುಗಿ ಕೈ ಹಿಡಿಯೋಕೆ ಕಾಮಿಕ್ ಪುಸ್ತಕದಿಂದ ಪೆನ್ಸಿಲ್ ಗೆರೆಯ ಕೈ ಮೇಲೆ ಬರುತ್ತಲ್ಲ, ಅದನ್ನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಆವತ್ತೂ ಮೈ ಜುಮ್ ಅಂತು.

ಬೆಳಗ್ಗೆ ಆರೂವರೆಗೆಲ್ಲ ಎದ್ದು ಕೊಟ್ಟಿಗೆ ಹಿಂದೆ ಬಿದ್ದಿದ್ದ ರಾಗಿಕಲ್ಲನ್ನ ನಾಲ್ಕು ಜನ ಸೇರಿ ಹಜಾರಕ್ಕೆ ತಂದ್ರು. ಊರಿಗೆ ಮಿಲ್ ಬಂದ ಮೇಲೆ ಅದನ್ನ ಮುಟ್ಟಿದೋರಿಲ್ಲ, ಗೂಟ ಲಡ್ಡಾಗಿತ್ತು, ಅಣ್ಣ ಬೇರೆ ಗೂಟ ಕೆತ್ತಿ ಹೊಡೆದ. ಅವ್ವ ಕಲ್ಲು ತೊಳೆದು ಅರಿಶಿನ ಕುಂಕುಮ ಇಟ್ಟು ಕೈ ಮುಗಿದು ಕಾಲು ಚಾಚಿ ಕೂತ್ಕೊಂಡ್ಳು. ಹೆಂಚಿನ ಸಂದಿಂದ ಬಿಸಿಲು ಬೀಳ್ತಿತ್ತು, ಒಬ್ಬ ಥರ್ಮಾಕೋಲ್ ಶೀಟ್ ಹಿಡಿದು ಆ ಬೆಳಕನ್ನ ಅವ್ವನ ಮುಖಕ್ಕೆ ತಿರುಗಿಸಿದ.

ಹುಡುಗನ ಪ್ಲಾನ್ ಏನಂದ್ರೆ ಪೂರ್ತಿ ಸ್ಲೋ ಮೋಷನ್, ಆದ್ರೆ ಬಾಯಿ ಮಾತ್ರ ಹಾಡಿಗೆ ಸರಿಯಾಗಿ ಕೂರಬೇಕು. ಇದಕ್ಕೊಂದು ಹಳೇ ಉಪಾಯ ಇದೆ. ಸೆಕೆಂಡಿಗೆ 50 ಫ್ರೇಮ್ ಶೂಟ್ ಮಾಡಿ 25ರಲ್ಲಿ ಓಡಿಸಿದ್ರೆ ಎಲ್ಲಾ ಅರ್ಧ ಸ್ಪೀಡಾಗುತ್ತೆ, ಅದಕ್ಕೇ ಶೂಟಿಂಗಲ್ಲಿ ಹಾಡನ್ನ ಡಬಲ್ ಸ್ಪೀಡಲ್ಲಿ ಹಾಕಿ ಡಬಲ್ ಸ್ಪೀಡಲ್ಲೇ ಬಾಯಿ ಆಡಿಸ್ಬೇಕು, ಆಮೇಲೆ ನಿಧಾನ ಮಾಡ್ದಾಗ ಕೂದಲು ಸೆರಗು ತೇಲಾಡ್ತಿರುತ್ತೆ, ತುಟಿ ಮಾತ್ರ ಹಾಡಿಗೆ ಸರಿಯಾಗಿರುತ್ತೆ. ಸ್ಪೀಕರಲ್ಲಿ ಡಬಲ್ ಸ್ಪೀಡಲ್ಲಿ ಅವ್ವನ ದನಿ ಕೀಚಲಾಗಿ ಬಂತು. "ಯಾರ್ಲಾ ಇದು, ಯಾವ್ ಮಗ?" ಅಂದ್ಳು. ನೀನೇ ಕಣವ್ವ ಅಂದ್ವಿ. ನಂಬ್ಲಿಲ್ಲ.

ಸರಿ ಅಂತ ಸ್ಲೋ ಮೋಷನ್ ಬಿಟ್ಟು ಮಾಮೂಲಿ ಸ್ಪೀಡಲ್ಲೇ ಹಾಕ್ದ. ಒಂಬತ್ತು ಟೇಕ್ ಆಯ್ತು, ಒಂದ್ರಲ್ಲೂ ಕೂರಲಿಲ್ಲ. ನಾನು ಮಾನಿಟರ್ ಪಕ್ಕ ಕೂತು ನೋಡ್ತಿದ್ದೆ, ಮೊದಮೊದಲು ಅವ್ವಂಗೆ ಕಿವಿ ಮಂದ ಆಗಿದ್ಯೇನೋ ಅನ್ಕೊಂಡೆ. ಆಮೇಲೆ ತುಟಿನೇ ಗಮನವಿಟ್ಟು ನೋಡ್ದಾಗ ಗೊತ್ತಾಯ್ತು, ಅವಳು ಬೇರೆ ಸೊಲ್ಲು ಹಾಡ್ತಿದಾಳೆ! ಸ್ಪೀಕರಲ್ಲಿ ತವರಿನ ದಾರಿ ಬರ್ತಿದ್ರೆ ಇವಳ ಬಾಯಲ್ಲಿ ಅಣ್ಣ ಬಂದ, ಮಳೆ ಬಂತು, ಸತ್ತುಹೋದ ನಮ್ಮಕ್ಕನ ಹೆಸರೂ ಒಂದು ಕಡೆ ಬಂತು. ದೀಪಾವಳೀಲಿ ಹಾಡಿದ್ದು ಆವತ್ತಿಂದು, ಇದು ಇವತ್ತಿಂದು. ಸೊಲ್ಲಿನ ಕೊನೇಲಿ ಎಳೆಯೋದು ಒಂದ್ಸಲ ಉದ್ದ ಒಂದ್ಸಲ ಗಿಡ್ಡ, ಕೈ ಸೋತ್ರೆ ನಿಲ್ಲಿಸ್ತಾಳೆ, ಒಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕಿ ಮತ್ತೆ ಎತ್ಕೋತಾಳೆ.

"ಅಜ್ಜಿ, ಅದೇ ಥರ ಹಾಡಿ ಅಜ್ಜಿ, ರೆಕಾರ್ಡಲ್ಲಿ ಇದ್ದಂಗೇ."

"ಅದ್ನ ಆವತ್ತೇ ಹಾಡಾಯ್ತಲ್ಲ ಮಗ, ಮತ್ಯಾಕ್ ಅದ್ನೇ ಹಾಡನೆ?"

ಇದಕ್ಕೆ ನಮ್ಮಿಬ್ಬರ ಹತ್ರನೂ ಉತ್ತರ ಇರ್ಲಿಲ್ಲ. ಮೂವತ್ತು ವರ್ಷದಿಂದ ನಾನು ನೋಡಿರೋ ಅಷ್ಟೂ ವಿಡಿಯೋ ನಿಂತಿರೋದು ಹಾಡು ಒಂದ್ಸಲ ಮುಗಿದುಹೋಗಿದೆ ಅನ್ನೋದರ ಮೇಲೆ. ಪೀಟರ್ ಗೇಬ್ರಿಯಲ್ ಅನ್ನೋ ಗಾಯಕ 1986ರಲ್ಲಿ ಸ್ಲೆಡ್ಜ್‌ಹ್ಯಾಮರ್ ಹಾಡಿನ ವಿಡಿಯೋನ ಒಂದೊಂದೇ ಫ್ರೇಮ್ ತೆಗೆಯೋಕೆ ಗಾಜಿನ ಕೆಳಗೆ ಹದಿನಾರು ಗಂಟೆ ಮಲಗಿದ್ದು, ಕೋಲ್ಡ್‌ಪ್ಲೇ ಬ್ಯಾಂಡಿನ ಕ್ರಿಸ್ ಮಾರ್ಟಿನ್ 2002ರಲ್ಲಿ ವಿಡಿಯೋ ಉಲ್ಟಾ ಓಡಿಸೋಕೆ ಅಂತ ಇಡೀ ಹಾಡನ್ನ ಹಿಂದುಮುಂದಾಗಿ ಹಾಡೋದು ಕಲಿತಿದ್ದು, ಎಲ್ಲಾ ಮುಗಿದ ಹಾಡಿಗೆ ಮೈ ಬಗ್ಗಿಸಿದ್ದೇ. ಅವ್ವನ ಹಾಡು ಮುಗಿದೇ ಇಲ್ಲ, ಅದು ರಾಗಿ ಇರೋವರೆಗೂ ನಡೆಯೋದು.

ಹತ್ತೂವರೆಗೆ ಎಲ್ಲರೂ ತಟ್ಟೆ ಇಡ್ಲಿ ತಿಂತಾ ಮಂಕಾಗಿ ಕೂತಿದ್ವಿ. ಒಬ್ಬ ಹುಡುಗ, ಅಜ್ಜಿ ಬೆನ್ನು, ಕೈ ಮಾತ್ರ ತೆಗೆಯೋಣ, ಬಾಯಿ ಬೇಡವೇ ಬೇಡ ಅಂದ. ನಂಗೆ ಸಂಕಟ ಆಯ್ತು, ಹಾಡೋದು ಅವಳು, ಮುಖ ಬೇಡ ಅಂದ್ರೆ? ಆಗ ನೆನಪಾಗಿದ್ದು ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್. 1994ರ ಸ್ಟ್ರೀಟ್ಸ್ ಆಫ್ ಫಿಲಡೆಲ್ಫಿಯಾ ವಿಡಿಯೋದಲ್ಲಿ ಆತ ಬಾಯಿ ಆಡಿಸಿಲ್ಲ, ಮೈಕ್ ಬಚ್ಚಿಟ್ಕೊಂಡು ಬೀದೀಲಿ ನಡ್ಕೊಂಡೇ ನಿಜವಾಗಿ ಹಾಡಿದಾರೆ. ಪ್ಯಾರಿಸ್‌ನ ಬ್ಲೋಗೋಥೆಕ್ ಅನ್ನೋ ವೆಬ್‌ಸೈಟ್‌ನವರು 2006ರಿಂದ ಇದನ್ನೇ ಒಂದು ಪದ್ಧತಿ ಮಾಡ್ಕೊಂಡ್ರು, ಆರ್ಕೇಡ್ ಫೈರ್ ಅನ್ನೋ ಇಡೀ ಬ್ಯಾಂಡನ್ನ ಲಿಫ್ಟಿಗೆ ತುಂಬಿಸಿ ಹಾಡಿಸಿದ್ರು, ಅಲ್ಲಿ ತಾಳಕ್ಕೆ ಏನ್ ಗೊತ್ತಾ, ಮ್ಯಾಗಜಿನ್ ಹಾಳೆ ಪರ್ ಪರ್ ಅಂತ ಹರಿಯೋದು. ಫೋನಲ್ಲೇ ಹುಡುಕಿ ತೋರಿಸ್ದೆ. ಹುಡುಗ ಮಾತಾಡ್ಲಿಲ್ಲ, ಎದ್ದು ಹೋಗಿ ಮದುವೆ ಮನೇಲಿ ಮದುಮಗನ ಕಾಲರಿಗೆ ಹಾಕೋ ಚಿಕ್ಕ ಮೈಕ್ ತಂದು ಅವ್ವನ ಸೆರಗಿನ ಒಳಗೆ ಸಿಕ್ಕಿಸಿದ, ಇನ್ನೊಂದನ್ನ ಕಲ್ಲಿನ ಹತ್ರ ಬಟ್ಟೆ ಸುತ್ತಿ ಇಟ್ಟ, ಸ್ಪೀಕರ್ ಆಫ್ ಮಾಡಿದ.

ಆಮೇಲೆ ಅವ್ವ ಹಾಡಿದ್ದು ಇಪ್ಪತ್ತೇಳು ನಿಮಿಷ. ಯಾರೂ ಕಟ್ ಅನ್ಲಿಲ್ಲ. ಕಲ್ಲು ಗರಗರ ಅಂತ ಸುತ್ತು ಬರೋದೇ ತಾಳ, ರಾಗಿ ಜಾಸ್ತಿ ಇದ್ದಾಗ ದಪ್ಪ ಸದ್ದು, ಮುಗೀತಾ ಬಂದಾಗ ತೆಳ್ಳಗೆ, ಅದಕ್ಕೆ ತಕ್ಕ ಹಾಗೆ ದನಿನೂ ಏರೋದು ಇಳಿಯೋದು. ಬಿಸಿಲು ಅವಳ ಮುಖದಿಂದ ಜರುಗಿ ಕೈಗೆ ಬಂತು, ಥರ್ಮಾಕೋಲ್ ಹಿಡ್ಕೊಂಡಿದ್ದ ಹುಡುಗ ಅದನ್ನ ಇಳಿಸಿ ಸುಮ್ನೆ ನಿಂತಿದ್ದ. ಅಕ್ಕನ ಹೆಸರು ಮತ್ತೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಅಣ್ಣ ಒಳಗೆ ಹೋದ.

ಮೂರು ತಿಂಗಳ ಕಷ್ಟದ ಟ್ರ್ಯಾಕನ್ನ ಹುಡುಗ ಪೂರ್ತಿ ಪಕ್ಕಕ್ಕಿಟ್ಟ. ಅವನ ಡ್ರಮ್ಸ್ ಒಂದೇ ವೇಗದ್ದು, ಅವ್ವನ ಕಲ್ಲು ಹಾಗಲ್ಲ, ಎಷ್ಟು ಎಳೆದಾಡಿದ್ರೂ ಕೂರಲಿಲ್ಲ. ಕೊನೆಗೆ ಬೇಸ್ ಒಂದನ್ನ ತೀರಾ ಸಣ್ಣಗೆ ಉಳಿಸ್ಕೊಂಡು ನಾಲ್ಕು ನಿಮಿಷಕ್ಕೆ ಎಡಿಟ್ ಮಾಡಿ ಶಿವರಾತ್ರಿಗೆ ಊರಿಗೆ ತಂದ. ಅವ್ವ ಕನ್ನಡಕ ಹಾಕ್ಕೊಂಡು ಫೋನನ್ನ ಎರಡೂ ಕೈಲಿ ಹಿಡಿದು ಎರಡು ಸಲ ನೋಡಿದ್ಳು.

"ಕಾಳ್ ಹಾಕದು ಎಲ್ಲೋಯ್ತ್ಲಾ?"

ಅದನ್ನ ಕಟ್ ಮಾಡಿದೀನಿ ಅಜ್ಜಿ, ಅಲ್ಲಿ ಹಾಡು ನಿಲ್ಲುತ್ತಲ್ಲ ಅಂದ.

"ಅಯ್ಯೋ, ಕಾಳ್ ಹಾಕ್ದೆ ಇಷ್ಟೊತ್ತು ಬೀಸುದ್ರೆ ಕಲ್ಲೂ ಕಲ್ಲೂ ಉಜ್ಜತವೆ ಕನ್ಲಾ. ನೋಡ್ದೋರು ಏನಂದಾರು."

ಅವತ್ತು ರಾತ್ರಿನೇ ಜಗಲೀಲಿ ಕೂತು ವಾಪಸ್ ಸೇರಿಸಿದ. ಒಂಬತ್ತು ಸೆಕೆಂಡ್, ಹಾಡಿಲ್ಲ, ಮುಷ್ಟಿಯಿಂದ ರಾಗಿ ಜಾರೋದು ಅಷ್ಟೇ.