ಒಂದರ ಮೇಲೊಂದು ಕೂತ ಸಿಂಬಲ್‌ಗಳು: ನನ್ನ ರೆವಿಟ್ ಕೆಲಸ ಎಲ್ಲಿಗೆ ಬಂತು

ಕಟ್ಟಡದ ಮಾಡೆಲ್ ಮಾಡುವ ರೆವಿಟ್ ಸಾಫ್ಟ್‌ವೇರ್‌ನಲ್ಲಿ ಎಲೆಕ್ಟ್ರಿಕಲ್ ಪ್ಲಾನ್ (ಮೇಲಿನಿಂದ ನೋಡಿದ ನಕ್ಷೆ) ಮಾಡುವವರಿಗೆಲ್ಲ ಈ ಕಾಟ ಗೊತ್ತು. ಗೋಡೆಯ ಒಂದು ಜಾಗದಲ್ಲಿ 300 ಮಿ.ಮೀ. ಎತ್ತರಕ್ಕೆ ಸಾಕೆಟ್, ಅದರ ನೆತ್ತಿಯ ಮೇಲೆ 1200ಕ್ಕೆ ಸ್ವಿಚ್, ಪಕ್ಕಕ್ಕೇ ನೆಟ್‌ವರ್ಕ್ ತಂತಿಗೆ ಒಂದು ಡೇಟಾ ಪಾಯಿಂಟ್. ಗೋಡೆಗೆ ಎದುರು ನಿಂತು ನೋಡಿದರೆ ಮೂರೂ ಬೇರೆ ಬೇರೆ. ಪ್ಲಾನ್‌ನಲ್ಲಿ ಮೂರರ ಸಿಂಬಲ್‌ಗಳೂ (ಗುರುತಿನ ಚಿತ್ರಗಳು) ಒಂದೇ ಕಡೆ ಬಂದು ಬೀಳುತ್ತವೆ. ಪ್ರಿಂಟ್ ತೆಗೆದರೆ ಕಾಣುವುದು ಕಪ್ಪು ಮುದ್ದೆ, ಅಷ್ಟೇ.

ಸುಲಭದ ದಾರಿ ಅಂದರೆ ಸಾಕೆಟ್ಟನ್ನೇ ಹಿಡಿದು ಒಂದಿಷ್ಟು ಪಕ್ಕಕ್ಕೆ ಎಳೆಯುವುದು. ನನಗೆ ಅದು ಸುತರಾಂ ಒಪ್ಪಿಗೆ ಇಲ್ಲ. ಪ್ಲಾನ್ ಏನೋ ಚೆಂದ ಕಾಣುತ್ತದೆ. ಆದರೆ ಎಲಿವೇಶನ್‌ನಲ್ಲಿ (ಗೋಡೆಯನ್ನು ಎದುರಿನಿಂದ ತೋರಿಸುವ ನಕ್ಷೆ) ಬಾಕ್ಸ್ ಇರಬಾರದ ಕಡೆ ಹೋಗಿ ಕೂತಿರುತ್ತದೆ. ಗೋಡೆ ಕೊರೆಯುವವರು ಮಾಡೆಲ್‌ನ ಅಳತೆಯನ್ನೇ ನಂಬುತ್ತಾರೆ, ಅಲ್ವಾ? ಹಾಗಾಗಿ ಸಾಕೆಟ್ ಇದ್ದಲ್ಲೇ ಇರಬೇಕು, ಸಿಂಬಲ್ ಮಾತ್ರ ಸರಿಯಬೇಕು. ಇಡೀ ಕೆಲಸ ಇದರ ಸುತ್ತಲೇ ನಡೆದಿದೆ.

ಮೊದಲು ಫ್ಯಾಮಿಲಿ ವಿಷಯ. ಸಾಕೆಟ್‌ನಂಥ ವಸ್ತುವಿನ ಅಚ್ಚಿಗೆ ರೆವಿಟ್‌ನಲ್ಲಿ ಫ್ಯಾಮಿಲಿ ಅನ್ನುತ್ತಾರೆ. ಗೋಡೆಗಳು ಆರ್ಕಿಟೆಕ್ಟ್ ಕೊಟ್ಟ ಲಿಂಕ್ ಫೈಲ್‌ನಲ್ಲಿ (ನನ್ನ ಮಾಡೆಲ್‌ಗೆ ಹೊರಗಿನಿಂದ ಜೋಡಿಸಿದ ಫೈಲ್) ಇರುವುದರಿಂದ, ಯಾವ ಮೇಲ್ಮೈಗಾದರೂ ಕೂರುವ ಫೇಸ್ ಬೇಸ್ಡ್ ಫ್ಯಾಮಿಲಿಯೇ ಆಗಬೇಕು. ವಾಲ್ ಬೇಸ್ಡ್ ಫ್ಯಾಮಿಲಿ ಲಿಂಕ್‌ನ ಗೋಡೆಗೆ ಕೂರುವುದಿಲ್ಲ. ಫೇಸ್ ಬೇಸ್ಡ್ ಫ್ಯಾಮಿಲಿಯೊಳಗೆ ಜೆನೆರಿಕ್ ಆನೊಟೇಶನ್ ಸಿಂಬಲ್ (ಯಾವ ಸ್ಕೇಲ್‌ನಲ್ಲೂ ಹಾಳೆಯ ಮೇಲೆ ಒಂದೇ ಗಾತ್ರದಲ್ಲಿ ಕಾಣುವ ಚಿತ್ರ) ಒಂದನ್ನು ಸೇರಿಸಿದೆ. ಮೇಂಟೇನ್ ಆನೊಟೇಶನ್ ಓರಿಯೆಂಟೇಶನ್ ಅನ್ನುವ ಗುರುತನ್ನೂ ಹಾಕಿದೆ. ಆ ಗುರುತು ಹಾಕದಿದ್ದರೆ ನೆಟ್ಟಗಿನ ಗೋಡೆಗೆ ಕೂರಿಸಿದಾಗ ಪ್ಲಾನ್‌ನಲ್ಲಿ ಸಿಂಬಲ್ ಕಾಣುವುದಿಲ್ಲ.

ಇನ್ನು ಸರಿಸುವ ಅಳತೆಯನ್ನು ಎಲ್ಲಿ ಇಡಬೇಕು? ತಲೆ ಓಡಿಸಬೇಕಾದದ್ದು ಇಲ್ಲಿ. ಹೊರಗಿನ ಸಾಕೆಟ್ ಫ್ಯಾಮಿಲಿಯಲ್ಲಿ ಇಟ್ಟರೆ ಅದು ಕಟ್ಟಡದ ಅಳತೆ ಆಗುತ್ತದೆ. 500 ಮಿ.ಮೀ. ಅಂತ ಕೊಟ್ಟರೆ 1:100 ಹಾಳೆಯಲ್ಲಿ 5 ಮಿ.ಮೀ. ಸರಿಯುತ್ತದೆ, 1:50ರಲ್ಲಿ 10. ಸಿಂಬಲ್ ಗಾತ್ರ ಮಾತ್ರ ಎರಡೂ ಹಾಳೆಯಲ್ಲಿ ಅಷ್ಟೇ ಇರುತ್ತದೆ. ಒಂದು ಹಾಳೆಗೆ ಸರಿಹೋದ ಅಂತರ ಇನ್ನೊಂದಕ್ಕೆ ಜಾಸ್ತಿ. ಆನೊಟೇಶನ್ ಫ್ಯಾಮಿಲಿಯ ಒಳಗೇ ಇಟ್ಟರೆ ಅದು ಕಾಗದದ ಅಳತೆ. 5 ಅಂದರೆ ಯಾವ ಸ್ಕೇಲ್‌ನಲ್ಲೂ 5. ಹಾಗಾಗಿ ಪ್ಯಾರಾಮೀಟರನ್ನು (ಬೆಲೆ ತುಂಬುವ ಖಾನೆ) ಒಳಗೆ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅದರ ಸಾಲಿನ ಕೊನೆಗಿರುವ ಚಿಕ್ಕ ಬಟನ್ ಒತ್ತಿ ಹೊರಗಿನ ಫ್ಯಾಮಿಲಿಯ ಇನ್‌ಸ್ಟನ್ಸ್ ಪ್ಯಾರಾಮೀಟರ್‌ಗೆ (ಒಂದೊಂದು ಸಾಕೆಟ್‌ಗೂ ಬೇರೆ ಬೆಲೆ ಕೊಡಬಹುದಾದದ್ದು) ಜೋಡಿಸಿದೆ.

ಇನ್ನೊಂದು ತಕರಾರು ಸೊನ್ನೆಯದು. ರೆಫರೆನ್ಸ್ ಪ್ಲೇನ್‌ಗಳ (ಅಳತೆಗೆ ಆಧಾರವಾಗಿ ಹಾಕುವ ಗೆರೆಗಳು) ನಡುವಿನ ಅಳತೆ ಸೊನ್ನೆ ಆದರೆ, ಅಥವಾ ಮೈನಸ್‌ಗೆ ಹೋದರೆ, ರೆವಿಟ್ ಗೊಣಗುತ್ತದೆ. ಇದಕ್ಕೆ ಹಳೆಯ ಉಪಾಯ ಇದೆ. 100 ಮಿ.ಮೀ. ದೂರದಲ್ಲಿ ಸುಮ್ನೆ ಒಂದು ಪ್ಲೇನ್ ಹಾಕಿ, ಅಳತೆಗೆ ‘100 + ಸರಿತ’ (ಸರಿತ ಅಂದರೆ ಸಿಂಬಲ್ ಸರಿಸುವ ಅಳತೆ) ಅಂತ ಫಾರ್ಮುಲಾ ಬರೆದರೆ ಆಯಿತು. ಸರಿತ ಸೊನ್ನೆ ಆದರೂ, ಮೈನಸ್ 8 ಆದರೂ ನಿಜವಾದ ಅಳತೆ ಪ್ಲಸ್‌ನಲ್ಲೇ ಇರುತ್ತದೆ. ಗೋಡೆಯಿಂದ ಹೊರಕ್ಕೆ ಒಂದು ಸರಿತ, ಗೋಡೆಯ ಉದ್ದಕ್ಕೆ ಒಂದು. ಸಿಂಬಲ್‌ನಿಂದ ಮೂಲ ಜಾಗಕ್ಕೆ ಒಂದು ತೆಳು ಗೆರೆಯನ್ನೂ ಎಳೆದಿದ್ದೇನೆ. ಬೇಡವಾದಾಗ ಅದನ್ನು ಮರೆಮಾಡಬಹುದು.

ಫ್ಯಾಮಿಲಿ ತಯಾರಾದ ಮೇಲೆ ಪ್ರತಿ ಸಾಕೆಟ್‌ಗೂ ಕೈಯಾರೆ ನಂಬರ್ ತುಂಬುತ್ತಾ ಕೂರುವುದು ನನ್ನ ಕೈಲಾಗದ ಮಾತು. ಅದಕ್ಕೆ ರೆವಿಟ್ ಕೆಲಸಗಳನ್ನು ತಾನಾಗಿ ನಡೆಸುವ ಡೈನಮೋದಲ್ಲಿ ಒಂದು ಪೈಥಾನ್ ನೋಡ್ (ಚಿಕ್ಕ ಪ್ರೋಗ್ರಾಮ್ ತುಣುಕು) ಬರೆದೆ. ಎಲ್ಲ ಪಾಯಿಂಟ್‌ಗಳ ಜಾಗ ತೆಗೆದುಕೊಂಡು, ಎತ್ತರ ಬಿಟ್ಟು, ಪ್ಲಾನ್‌ನಲ್ಲಿ 150 ಮಿ.ಮೀ. ಒಳಗೆ ಇರುವವನ್ನು ಒಂದು ಗುಂಪು ಮಾಡುತ್ತದೆ. ರೆವಿಟ್ ಒಳಗೊಳಗೆ ಲೆಕ್ಕ ಇಡುವುದು ಅಡಿಯಲ್ಲಿ. ಒಂದು ಅಡಿ ಅಂದರೆ 304.8 ಮಿ.ಮೀ., ಆದ್ದರಿಂದ 150ನ್ನು 304.8ರಿಂದ ಭಾಗಿಸಿಯೇ ಹೋಲಿಸಬೇಕು. ಗುಂಪಿನೊಳಗೆ ಎತ್ತರದ ಪ್ರಕಾರ ಸಾಲು ಮಾಡಿ, ಎಲ್ಲಕ್ಕಿಂತ ಕೆಳಗಿನದಕ್ಕೆ 0 ಮಿ.ಮೀ. ಸರಿತ, ಮುಂದಿನದಕ್ಕೆ 5, ಅದರ ಮುಂದಿನದಕ್ಕೆ 10 ಕೊಡುತ್ತದೆ. ಗೋಡೆಗೆ ಅಂಟಿದ್ದು ಕೆಳಗಿನದು, ದೂರ ಇದ್ದದ್ದು ಮೇಲಿನದು. ಓದುವವರಿಗೆ ಇದು ಒಂದು ಸಲ ಗೊತ್ತಾದರೆ ಸಾಕು.

ಗುಂಪು ಮಾಡುವಾಗ ಜಾಗವನ್ನು ಚೌಕಗಳಾಗಿ ಹಂಚಿ, ಒಂದು ಚೌಕದಲ್ಲಿ ಇರುವವೆಲ್ಲ ಒಂದು ಗುಂಪು ಅನ್ನುವ ವಿಧಾನ ಬೇಗ ಓಡುತ್ತದೆ. ಆದರೆ 10 ಮಿ.ಮೀ. ಅಂತರದ ಎರಡು ಪಾಯಿಂಟ್‌ಗಳು ಚೌಕದ ಗೆರೆಯ ಆಚೆ ಈಚೆ ಬಿದ್ದರೆ ಬೇರೆ ಗುಂಪಾಗಿಬಿಡುತ್ತವೆ. ಜೋಡಿ ಜೋಡಿಯಾಗಿ ಹೋಲಿಸುವುದು ನಿಧಾನ, ಆದರೆ ಸರಿ. ಒಂದು ಮಹಡಿಯ ಮಟ್ಟಿಗೆ ಆ ನಿಧಾನ ಗೊತ್ತೇ ಆಗುವುದಿಲ್ಲ.

ಆಮೇಲೆ ಗೋಡೆಯ ಆಚೆ ಬದಿ. 100 ಮಿ.ಮೀ. ಪಾರ್ಟಿಶನ್‌ನ ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟ ಸಾಕೆಟ್‌ಗಳು ದೂರದ ಲೆಕ್ಕದಲ್ಲಿ ಒಂದೇ ಗುಂಪು. ಆದರೆ ಅವುಗಳ ಸಿಂಬಲ್‌ಗಳು ಎದುರುಬದುರು ದಿಕ್ಕಿಗೆ ಹೋಗುತ್ತವೆ, ಒಂದಕ್ಕೊಂದು ತಾಗುವುದೇ ಇಲ್ಲ. ಫೇಸ್ ಬೇಸ್ಡ್ ಫ್ಯಾಮಿಲಿಯ ಝಡ್ ಅಕ್ಷ ಗೋಡೆಯಿಂದ ಹೊರಗೆ ನೋಡುತ್ತದೆ. ಎರಡರ ಝಡ್ ಅಕ್ಷಗಳ ಡಾಟ್ ಪ್ರಾಡಕ್ಟ್ (ಎರಡೂ ಒಂದೇ ದಿಕ್ಕಿಗಿದ್ದರೆ 1 ಬರುವ ಲೆಕ್ಕ) 1ರ ಹತ್ತಿರ ಇದ್ದರೆ ಮಾತ್ರ ಒಂದೇ ಗುಂಪು ಅಂತ ಷರತ್ತು ಸೇರಿಸಿದೆ. ಮೂಲೆಯಲ್ಲಿ ಎರಡು ಗೋಡೆ ಕೂಡುವ ಕಡೆ ಅದು ಸೊನ್ನೆಯ ಸುತ್ತಮುತ್ತ ಬರುತ್ತದೆ, ಸಿಂಬಲ್‌ಗಳು ಮಾತ್ರ ತಾಗುತ್ತವೆ. ಅಂಥವನ್ನು ಕೈಯಲ್ಲೇ ಸರಿಮಾಡುವುದು ವಾಸಿ. ಅದಕ್ಕಾಗಿ ‘ಮುಟ್ಟಬೇಡ’ ಅನ್ನುವ ಹೌದು/ಇಲ್ಲ ಪ್ಯಾರಾಮೀಟರ್ ಇಟ್ಟಿದ್ದೇನೆ. ಗುರುತು ಇದ್ದರೆ ಸ್ಕ್ರಿಪ್ಟ್ ಆ ಪಾಯಿಂಟನ್ನು ಬಿಟ್ಟು ಮುಂದೆ ಹೋಗುತ್ತದೆ.

ಸದ್ಯಕ್ಕೆ ತಲೆ ತಿನ್ನುತ್ತಿರುವುದು ಹಾಳೆಗಳ ವಿಷಯ. ಲೈಟಿಂಗ್ ಪ್ಲಾನ್‌ನಲ್ಲಿ ಸ್ವಿಚ್‌ಗಳು ಕಾಣುತ್ತವೆ, ಸಾಕೆಟ್ ಇಲ್ಲ. ಪವರ್ ಪ್ಲಾನ್‌ನಲ್ಲಿ ಉಲ್ಟಾ. ಎಲ್ಲವನ್ನೂ ಸೇರಿಸಿ ಸಾಲು ಮಾಡಿದರೆ ಲೈಟಿಂಗ್ ಪ್ಲಾನ್‌ನಲ್ಲಿ ಸ್ವಿಚ್ ಒಂದೇ ಯಾಕೋ ಗೋಡೆ ಬಿಟ್ಟು ಆಚೆ ನಿಂತಿರುತ್ತದೆ. ಸರಿತ ಪಾಯಿಂಟ್‌ನ ಗುಣ, ವ್ಯೂದಲ್ಲ (ವ್ಯೂ ಅಂದರೆ ಮಾಡೆಲ್‌ನ ಒಂದು ನೋಟ). ಒಂದೊಂದು ವ್ಯೂಗೆ ಒಂದೊಂದು ಅಂತರ ಕೊಡುವ ಹಾಗಿಲ್ಲ. ಅದಕ್ಕೆ ಒಂದೇ ಹಾಳೆಯಲ್ಲಿ ಕಾಣುವ ಕೆಟಗರಿಗಳನ್ನು ಮಾತ್ರ ಹೋಲಿಸುತ್ತಿದ್ದೇನೆ. ಎಲೆಕ್ಟ್ರಿಕಲ್ ಫಿಕ್ಸ್‌ಚರ್ಸ್ ಮತ್ತು ಡೇಟಾ ಡಿವೈಸಸ್ ಒಟ್ಟಿಗೆ, ಲೈಟಿಂಗ್ ಡಿವೈಸಸ್ ಬೇರೆ, ಫೈರ್ ಅಲಾರ್ಮ್ ಬೇರೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಚಿಕ್ಕ ಕೆಲಸಗಳಿಗೆ ಈ ಹಂಚಿಕೆ ಆಗಿಬರುವುದಿಲ್ಲ. ಅದನ್ನು ಸ್ಕ್ರಿಪ್ಟ್ ಶುರುವಿನಲ್ಲೇ ಆರಿಸಿಕೊಳ್ಳುವ ಹಾಗೆ ಮಾಡಬೇಕು.

ಟ್ಯಾಗ್‌ಗಳ (ಸರ್ಕ್ಯೂಟ್ ನಂಬರ್‌ನಂಥ ಬರಹದ ಚೀಟಿಗಳು) ಸರದಿ ಇನ್ನೂ ಬಂದಿಲ್ಲ. ಸಿಂಬಲ್ ಸರಿದು ಹೋಗಿ ಸರ್ಕ್ಯೂಟ್ ನಂಬರ್‌ನ ಮೇಲೆ ಕೂರುವುದು ಕೆಲವು ಕಡೆ ಕಾಣುತ್ತಿದೆ. ಸರಿತ ತುಂಬಿ ಮುಗಿದ ಮೇಲೆ ಟ್ಯಾಗ್ ಹಾಕುವುದು ಸದ್ಯದ ಕ್ರಮ. ಮುಂದೆ ಅದೇ ಸರಿತದ ನಂಬರ್ ಓದಿ ಟ್ಯಾಗಿನ ತಲೆಯನ್ನೂ ಸರಿಸುವ ನೋಡ್ ಬರೆಯಬೇಕು. ಅಲ್ಲಿ ಕಾಗದದ 5 ಮಿ.ಮೀ.ಗೆ ವ್ಯೂದ ಸ್ಕೇಲ್ ಗುಣಿಸಿ, ಮತ್ತೆ ಅಡಿಗೆ ತಿರುಗಿಸಬೇಕು.