ಗುಂಡಿನ ಸದ್ದು ಕೇಳಿಸ್ಲೇ ಇಲ್ಲ, ಕಿವಿ ಮಾತ್ರ ಹೋಯ್ತು

ನನ್ನ ಎಡಗಿವೀಲಿ ನಾಲ್ಕು ವರ್ಷದಿಂದ ಕೀಂ ಅನ್ನೋ ಒಂದು ಸದ್ದು ಮನೆ ಮಾಡ್ಕೊಂಡಿದೆ. ಹಗಲು ಅಷ್ಟಾಗಿ ಗೊತ್ತಾಗಲ್ಲ, ರಾತ್ರಿ ಫ್ಯಾನ್ ಆಫ್ ಮಾಡಿದ್ರೆ ಶುರು.

ಶೂಟಿಂಗ್ ರೇಂಜಲ್ಲಿ ಟೈಮ್ ಇಟ್ಟು ಪ್ರಾಕ್ಟೀಸ್ ನಡೀತಿತ್ತು, ಹಿಂದೆ ನಿಂತು ನೋಡೋರು ಹತ್ತು ಜನ, ನನ್ನ ಸರದಿ, ಎದೆ ಡವಡವ. ಕೋಚ್ ಏನೋ ಅಂದ್ರು ಅಂತ, ಸದ್ದು ತಡೆಯೋಕೆ ಕಿವಿ ಮುಚ್ಚೋ ಇಯರ್‌ಮಫ್‌ನ ಎಡಗಡೆ ಕಪ್ಪನ್ನ ಕಿವಿ ಹಿಂದಕ್ಕೆ ಸರಿಸ್ದೆ, ಅಷ್ಟರಲ್ಲಿ ಬಜರ್ ಹೊಡೀತು, ಕಪ್ ಅಲ್ಲೇ ಉಳೀತು. 9 ಎಂಎಂ ಪಿಸ್ತೂಲು, ಐದು ಗುಂಡು. ನಂಬ್ತೀರೋ ಇಲ್ವೋ, ಒಂದೂ ಜೋರಾಗಿ ಕೇಳಿಸ್ಲಿಲ್ಲ! ಪಕ್ಕದ ರೂಮಲ್ಲಿ ಯಾರೋ ಪುಸ್ತಕ ಬೀಳಿಸ್ದಂಗೆ ಟಪ್ ಟಪ್ ಅಷ್ಟೇ. ಮ್ಯಾಗಜಿನ್ ತೆಗೆದು, ಪಿಸ್ತೂಲು ಟೇಬಲ್ ಮೇಲಿಟ್ಟು, ಮಫ್ ತೆಗೆಯೋಕೆ ಕೈ ಎತ್ತಿದಾಗ ಎಡಗೈಗೆ ಸಿಕ್ಕಿದ್ದು ಕಪ್ ಅಲ್ಲ, ಬರೀ ಕಿವಿ. ಆಮೇಲೆ ಹತ್ತಿ ತುರುಕಿದಂಗೆ ಮಂಕು, ಅದರೊಳಗಿಂದ ಈ ಕೀಂ.

ಟೆನ್ಷನ್ನಲ್ಲಿ ಹೀಗಾಗೋದು ಮಾಮೂಲಂತೆ, ಗುಂಡು ಹಾರಿಸೋ ಪೊಲೀಸರೂ ಎಷ್ಟೋ ಜನ ಸದ್ದೇ ಕೇಳಿಸ್ಲಿಲ್ಲ ಅಂತಾರೆ. ಮಿದುಳು ಆ ಹೊತ್ತಿಗೆ ಬೇಡದ್ದನ್ನೆಲ್ಲ ಪಕ್ಕಕ್ಕೆ ತಳ್ಳುತ್ತೆ, ಆದ್ರೆ ತಳ್ಳೋದು ಸದ್ದು ಕಿವಿ ಒಳಗೆ ಹೋಗಿ ಕೆಲಸ ಮುಗಿಸಿದ ಮೇಲೆ. ಇಂಥ ಪಿಸ್ತೂಲಿನ ಒಂದು ಗುಂಡು ಅಂದ್ರೆ 155ರಿಂದ 160 ಡೆಸಿಬಲ್, 140 ದಾಟಿದ್ರೆ ಒಂದೇ ಏಟು ಸಾಕು ಕಿವಿ ಹಾಳಾಗೋಕೆ. ಜೋರು ಸದ್ದಿಗೆ ಬಿಗಿಯಾಗೋ ಒಂದು ಪುಟ್ಟ ಸ್ನಾಯು ಕಿವೀಲಿದೆ ನಿಜ, ಆದ್ರೆ ಅದು ಎಚ್ಚೆತ್ತುಕೊಳ್ಳೋಕೆ ಹತ್ತಾರು ಮಿಲಿಸೆಕೆಂಡ್ ಬೇಕು, ಗುಂಡಿನ ಏಟು ಒಂದೆರಡು ಮಿಲಿಸೆಕೆಂಡಲ್ಲಿ ಮುಗಿದಿರುತ್ತೆ. ಒಳಗೆ ಸದ್ದು ಹಿಡಿಯೋ ಕೂದಲಿನಂಥ ಜೀವಕೋಶ ಒಂದು ಕಿವಿಗೆ ಸುಮಾರು 15,000, ಸತ್ತದ್ದು ಮತ್ತೆ ಹುಟ್ಟಲ್ಲ.

ನಾನು ಮಾಡಿದ ದೊಡ್ಡ ತಪ್ಪು ಇನ್ನೊಂದಿದೆ. ಎರಡು ದಿನಕ್ಕೆ ಮಂಕು ಬಿಡ್ತಲ್ಲ, ಸರಿಹೋಯ್ತು ಅಂದ್ಕೊಂಡು ಸುಮ್ನಾದೆ, ಮೂರು ವಾರ ಬಿಟ್ಟು ಡಾಕ್ಟರ್ ಹತ್ರ ಹೋದ್ರೆ ಅವರು ಬೈದ್ರು, ಸ್ಟೀರಾಯ್ಡ್ ಏನಾದ್ರೂ ಕೊಟ್ಟು ನೋಡ್ಬೇಕಂದ್ರೆ ಮೊದಲ ಕೆಲವು ದಿನದಲ್ಲೇ ಬರ್ಬೇಕಿತ್ತಂತೆ. ಕಿವಿ ಎಷ್ಟು ಕೇಳುತ್ತೆ ಅಂತ ಗೆರೆ ಎಳೆದು ತೋರಿಸೋ ಆಡಿಯೋಗ್ರಾಮಲ್ಲಿ ಬಲಗಿವಿ ಗೆರೆ ನೆಟ್ಟಗಿದೆ, ಎಡಗಿವೀದು 4000 ಹರ್ಟ್ಜ್, ಅಂದ್ರೆ ಕೀರಲು ಸದ್ದಿನ ಹತ್ರ ಬಾವಿಗೆ ಬಿದ್ದಂಗೆ ಕೆಳಗಿಳಿದು ಮತ್ತೆ ಮೇಲೆ ಬಂದಿದೆ. ಜೋರು ಸದ್ದಿನ ಏಟಿನ ಗುರುತೇ ಅದಂತೆ.

ಈಗ ಒಳಗೆ ಫೋಮ್ ಪ್ಲಗ್, ಮೇಲೆ ಮಫ್. ಎರಡು ಹಾಕಿದ್ರೆ ರಕ್ಷಣೆ ಡಬಲ್ ಆಗಲ್ಲ, ಒಂದು ಐದು ಡೆಸಿಬಲ್ ಹೆಚ್ಚು ಸಿಗ್ಬಹುದು, ಆದ್ರೆ ನನಗೆ ಬೇಕಿರೋದು ಅದಲ್ಲ, ಗಾಬರೀಲಿ ಮಫ್ ಸರಿಸಿದ್ರೂ ಪ್ಲಗ್ ಅಲ್ಲೇ ಇರುತ್ತೆ. ಕೋಚ್ ಏನಾದ್ರೂ ಹೇಳ್ಬೇಕಿದ್ರೆ ಕೈಸನ್ನೆ ಮಾಡ್ಲಿ.

ಇನ್ನು ಮನೇಲಿ, ನಾನು ಲೋಟಕ್ಕೆ ನೀರು ಬಗ್ಗಿಸ್ವಾಗ ಎಡಗಡೆ ಕೂತೋರು ‘ಸಾಕು ಸಾಕು’ ಅಂದ್ರೆ ನಂಗೆ ‘ಹಾಕು ಹಾಕು’ ಅಂತ ಕೇಳ್ಸುತ್ತೆ, ಟೇಬಲ್ ಪೂರ್ತಿ ನೀರು.