ರೊಟ್ಟಿ ಬಡಿಯೋ ಸಪ್ಪಳ

ನಮ್ಮ ಕಲಬುರಗಿ ಮನಿಗಳಾಗ ಮುಂಜಾನಿ ಎದ್ರ ಮೊದಲು ಕೇಳೋದೇ ರೊಟ್ಟಿ ಬಡಿಯೋ ಸಪ್ಪಳ. ಗಂಡನ ಮನಿ ಬಿಟ್ಟು ತವರಿಗಿ ಬಂದು ಎಂಟು ತಿಂಗಳಾಗಿತ್ತು, ಕೈ ಎತ್ತೋರು ಯಾರೂ ಇರ್ಲಿಲ್ಲ, ಆದ್ರೂ ಅಡಗಿ ಮನ್ಯಾಗ ಅವ್ವ ರೊಟ್ಟಿ ಬಡಿಲಕತ್ಲು ಅಂದ್ರ ನಾ ಹಾಸಿಗ್ಯಾಗೇ ಎರಡೂ ಕೈಲೆ ತಲಿ ಮುಚ್ಕೋತಿದ್ದೆ. ನಮ್ಮ ಮಾತಿನಾಗ ರೊಟ್ಟಿನೂ ಬಡಿತಾರ, ಹೆಣ್ತಿನೂ ಬಡಿತಾರ. ಎರಡಕ್ಕೂ ಒಂದೇ ಶಬ್ದ. ಇದನ್ನ ಯಾರಿಗಿ ಹೇಳೋದ್ರಿ, ಹೇಳಿದ್ರ ತಲಿ ಕೆಟ್ಟದ ಅಂತಾರ ಅಂತ ಸುಮ್ನಿದ್ದೆ.

ತಂಗಿನೇ ಎಳ್ಕೊಂಡು ದವಾಖಾನಿಗಿ ಹೋದ್ಲು, ಮಾನಸಿಕ ವಿಭಾಗಕ್ಕ. ಬೀಗರು ನೆಂಟರು ಎಲ್ಲಾ ನನಗ ಕೇಳಿದ್ದು ಒಂದೇ, "ನೀ ಏನ್ ಮಾಡಿದ್ದಿ, ಅಂವಾ ಸುಮ್ ಸುಮ್ನ ಹೊಡಿತಾನೇನು" ಅಂತ. ಆ ಕೌನ್ಸೆಲರ್ ಮೇಡಂ ಮೊದಲು ಕೇಳಿದ್ದು, "ರಾತ್ರಿ ನಿದ್ದಿ ಹ್ಯಾಂಗ ಬರ್ತದ್ರಿ?" ನಾ ಅಲ್ಲೇ ಅತ್ತುಬಿಟ್ಟೆ.

ಮೆದುಳಿನಾಗ ಅಮಿಗ್ಡಲಾ ಅಂತ ಸಣ್ಣ ಭಾಗ ಅದ, ಅಪಾಯ ಬಂತು ಅಂತ ಮೈಗೆಲ್ಲಾ ಗಂಟಿ ಬಾರಿಸೋ ಕೆಲಸ ಅದರದು, ನಾಕು ವರ್ಷ ದಿನಾ ಗಂಟಿ ಬಾರಿಸಿ ಬಾರಿಸಿ ಅದಕ್ಕ ರೂಢಿ ಆಗ್ಯಾದ, ನೀವು ತವರಿಗಿ ಬಂದೀರಿ ಅಂತ ಅದಕ್ಕ ಇನ್ನಾ ಗೊತ್ತಾಗಿಲ್ಲ ಅಂತ ಮೇಡಂ ತಿಳಿಸಿ ಹೇಳಿದ್ರು. ಇದಕ್ಕ ಪಿಟಿಎಸ್‌ಡಿ ಅಂತಾರ, ಅಂದ್ರ ದೊಡ್ಡ ಆಘಾತ ಆದ ಮ್ಯಾಲ ಮನಸ್ಸಿನಾಗ ಉಳಿಯೋ ಬ್ಯಾನಿ, 1980ರಾಗ ಅಮೆರಿಕದ ಮನೋವೈದ್ಯರ ಸಂಘದವರು ತಮ್ಮ ಪುಸ್ತಕದಾಗ ಈ ಹೆಸರು ಸೇರಿಸಿದ್ರು, ವಿಯೆಟ್ನಾಂ ಯುದ್ಧದಿಂದ ಬಂದ ಸಿಪಾಯಿಗಳ ಕಷ್ಟ ಅದರ ಹಿಂದ ಇತ್ತು ಅಂತನೂ ಅಂದ್ರು. ಯುದ್ಧಕ್ಕ ಹೋದೋರಿಗಿ ಬರೋದು ನನಗ್ಯಾಕ ಬಂತ್ರಿ ಅಂದೆ. "ನಾಕು ವರ್ಷ ನೀವು ಎಲ್ಲಿದ್ರಿ ಮತ್ತ?" ಅಂದ್ರು.

ಥೆರಪಿ ಅಂದ್ರ ಕುಂತು ಬುದ್ಧಿ ಹೇಳ್ತಾರ ಅಂದ್ಕೊಂಡಿದ್ದೆ. ಹಂಗಲ್ರಿ. ಘಾಬರಿ ಬಂದಾಗ ಚಪ್ಪಲಿ ಬಿಟ್ಟು ಬರಿಗಾಲು ನೆಲಕ್ಕ ಒತ್ತಿ ನಿಂದ್ರಬೇಕು, ನಮ್ಮ ಮನ್ಯಾಗ ಶಹಾಬಾದ್ ಕಲ್ಲಿನ ಫರ್ಸಿ, ಮೇ ತಿಂಗಳ ಬಿಸಲಾಗೂ ಒಳಗ ತಂಪಿರ್ತದ, ಆ ತಂಪು ಅಂಗಾಲಿಗಿ ಹತ್ತಿದ್ ಕೂಡ್ಲೇ ಉಸಿರು ಮೆಲ್ಲಕ ಬಿಡಬೇಕು, ತಗೊಂಡಿದ್ದಕ್ಕಿಂತ ಜಾಸ್ತಿ ಹೊತ್ತು. ಆಮ್ಯಾಲ ಸಪ್ಪಳ. ಮೊದಲು ಅಂಗಳದಾಗ ನಿಂತು ಕೇಳೋದು, ವಾರ ಕಳದ ಮ್ಯಾಲ ಪಡಸಾಲಿ, ಆಮ್ಯಾಲ ಅಡಗಿ ಮನಿ ಬಾಗಲಾ. ನಡುವ ಭಾಳ ಕೆಟ್ಟದ್ದೂ ಆಯ್ತು, ಹಳೇದೆಲ್ಲಾ ಬಾಯಿಬಿಟ್ಟು ಹೇಳಿದ ಮ್ಯಾಲ ಕನಸು ಜಾಸ್ತಿ ಆದ್ವು, ಎರಡು ಸಲ ಹೋಗದೇ ತಪ್ಪಿಸ್ದೆ. ನಿಮಗೂ ಹಂಗಾದ್ರ ಬಿಡಬ್ಯಾಡ್ರಿ, ಅದನ್ನೇ ಹೋಗಿ ಹೇಳ್ರಿ, ನಾ ಹೇಳಿದ ಮ್ಯಾಲ ಮೇಡಂ ಸ್ವಲ್ಪ ನಿಧಾನ ಮಾಡಿದ್ರು.

ಇನ್ನೊಂದು ಹೇಳ್ಲೇಬೇಕು. ಗಂಡ ನನ್ನ ಪಗಾರ ಕಸ್ಕೊಂಡು ಎಟಿಎಂ ಕಾರ್ಡ್ ತನ್ನ ಕಿಸೇದಾಗ ಇಟ್ಕೋತಿದ್ದ, ಮಂದಿ ಮುಂದ ಬೈತಿದ್ದ, ಅದೂ ದೌರ್ಜನ್ಯ ಅಂತ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಾಗೇ ಅದ. ಹೊಡದ ಬಾವು ಇದ್ರಷ್ಟೇ ದೂರು ಅಂತ ನಾ ತಿಳಕೊಂಡಿದ್ದೆ. ಮಹಿಳಾ ಸಹಾಯವಾಣಿ 181ಕ್ಕ ಫೋನ್ ಮಾಡಿದ್ರ ಸಖಿ ಕೇಂದ್ರದ ದಾರಿ ಹೇಳ್ತಾರ, ವಕೀಲರು, ಪೊಲೀಸರು, ಕೌನ್ಸೆಲಿಂಗ್, ನಾಕೈದು ದಿನ ಉಳಿಯೋಕೆ ಜಾಗನೂ ಅಲ್ಲಿಂದ ಸಿಗ್ತದ. ಬರೀ ಮನಸ್ಸಿನ ಮಾತಿಗಾದ್ರ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿನೂ ಎತ್ತತಾರ, ಕನ್ನಡದಾಗೇ ಮಾತಾಡಬಹುದು.

ಈ ಸಲ ಎಳ್ಳ ಅಮಾಸಿಗಿ ಹೊಲಕ್ಕ ಒಯ್ಯೋ ಸಜ್ಜಿ ರೊಟ್ಟಿ ನಾ ಬಡಿತೀನಿ ಅಂದೆ. ಅವ್ವ ಏನೂ ಅನ್ಲಿಲ್ಲ, ಹಿಟ್ಟಿನ ಡಬ್ಬಿ ಈ ಕಡಿ ಸರಸಿದ್ಲು. ಮೊದಲ್ನೇದು ಹರೀತು, ಎರಡ್ನೇದೂ ಹರೀತು. ಆಮ್ಯಾಲ ಕೈಗಿ ನೆನಪಾಯ್ತು. ಅಕಿ ಹಂಚಿನ ಮುಂದ ಕುಂತು ಬೇಯಿಸಿದ್ಲು, ನಾ ಬಡದೆ, ಇಪ್ಪತ್ಮೂರು ರೊಟ್ಟಿ. ನಡುವ ಒಂದ್ಸಲ ಎದ್ದು ಫರ್ಸಿ ಮ್ಯಾಲ ಬರಿಗಾಲಲೆ ನಿಂತು ಬಂದೆ.